ನಾಲ್ಕು ಬೆರಳು ಇಳಿದ ದಿಮ್ಮಿ

ಅಣ್ಣಾ,

ಎರಡು ವರ್ಷದಿಂದ ನಾವು ಮಾತು ಬಿಟ್ಟಿದ್ದೀವಿ, ಗೊತ್ತು. ಇದು ಮಾತಲ್ಲ, ಕಾಗದ. ತಂಗಿಯದು ಅಂತ ಬೇಡ, ಮೆಕ್ಯಾನಿಕ್‌ಗೆ ಯಾರೋ ಗಿರಾಕಿ ಬರೆದದ್ದು ಅಂತ್ಲೇ ಓದು.

ನನಗೊಂದು ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ಬೇಕು. ಹಿತ್ತಲ ಹುಲ್ಲು ಕತ್ತರಿಸಬೇಕು, ದಾರಿಗೆ ಜಲ್ಲಿ ಹೊರಬೇಕು, ಬಿದ್ದ ಮರ ಎಳೀಬೇಕು. ಎರಡು ನೋಡಿದೆ. ಮೊದಲನೆಯದಕ್ಕೆ ಹೊಸ ಬಣ್ಣ. ಮಾರೋನು ಬಾಯಿ ತೆಗೆಯೋ ಮುಂಚೆ ಎಂಜಿನ್ ಮುಟ್ಟಿ ನೋಡು ಅಂತ ನೀನೇ ಹೇಳಿಕೊಟ್ಟಿದ್ದೆಯಲ್ಲ, ಮುಟ್ಟಿದೆ. ಅಂಗೈ ಚುರ್ ಅಂತು! ನಾನು ಹೋಗೋ ಮುಂಚೆನೇ ಓಡಿಸಿ ಬಿಸಿ ಮಾಡಿಟ್ಟಿದ್ದ. ತಣ್ಣಗಿದ್ದಾಗ ಅದೇನು ತಕರಾರು ಮಾಡುತ್ತೋ, ಇನ್ನೂ ತಲೆ ಕೊರೀತಿದೆ.

ಎರಡನೆಯದು ವಯಸ್ಸಲ್ಲಿ ನನಗಿಂತ ದೊಡ್ಡದು. ಬಣ್ಣ ಮಾಸಿದೆ, ಸೀಟು ಹರಿದಿದೆ. ಆದರೆ ತಣ್ಣಗಿತ್ತು, ಎರಡನೇ ಸಲಕ್ಕೇ ಸ್ಟಾರ್ಟ್ ಆಯ್ತು. ಎತ್ತಿದ ಭಾರ ಹಿಡಿದು ನಿಲ್ಲುತ್ತಾ ನೋಡೋಣ ಅಂತ, ಹಿಂದಿನ ಭಾರ ಎತ್ತೋ ತೋಳುಗಳಿಗೆ ಮರದ ದಿಮ್ಮಿ ಕಟ್ಟಿ, ಮೇಲೆತ್ತಿಸಿ, ಎಂಜಿನ್ ಆರಿಸಿ, ಮಾಲೀಕರ ಮನೇಲಿ ಟೀ ಕುಡಿದು ಬಂದೆ. ಅಷ್ಟರಲ್ಲಿ ದಿಮ್ಮಿ ನಾಲ್ಕು ಬೆರಳು ಇಳಿದಿತ್ತು. ನಾಲ್ಕು ಬೆರಳು ಜಾಸ್ತಿನಾ? ವಯಸ್ಸಿನ ಸುಸ್ತಾ, ಕಾಯಿಲೆನಾ? ಇಲ್ಲಿನ ಮೆಕ್ಯಾನಿಕ್‌ನ ಕೇಳಿದರೆ ತಲೆ ಕೆರ್ಕೊಂಡ.

"ಭಾನುವಾರ ಬೆಳಿಗ್ಗೆ ನಮ್ಮಣ್ಣ ಬಂದು ನೋಡ್ತಾನೆ" ಅಂತ ಮಾಲೀಕರಿಗೆ ಅಂದುಬಿಟ್ಟೆ.

"ಬಂದೇ ಬರ್ತಾರಾ?" ಅಂದರು ಮಾಲೀಕರು.

"ಬರದೆ ಏನು" ಅಂದೆ.

ನೀನು ಬರೋ ಮುಂಚೆ ಯಾರೂ ಅದನ್ನ ಬಿಸಿ ಮಾಡಬಾರದು ಅಂತ ಕೀಲಿ ಇಸ್ಕೊಂಡು ಬಂದಿದ್ದೀನಿ. ನೀನು ಬರದಿದ್ದರೆ ಪಾಪ, ಅವರ ಟ್ರ್ಯಾಕ್ಟರ್ ನಿಂತಲ್ಲೇ ನಿಂತಿರುತ್ತೆ.

ಕೀಲಿ ಹಿಡಿದು ಕೂತಿರುವ
ನಿನ್ನ ತಂಗಿ