ಕುರ್ಚಿ ಹಾಕಿ ಹೇಳುವ ಮಾತು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ನಿನ್ನ ಪತ್ರ ತಲುಪಿತು. ಈ ಸಲವೂ ಅದೇ ಪ್ರಶ್ನೆ: ಅಮ್ಮ ನನ್ನನ್ನು ನೋಡಲು ಬರುತ್ತಾಳಾ, ಇನ್ನೂ ಸಿಟ್ಟಾ ಅಂತ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹಜಾರದಲ್ಲಿ ಜನ, ಕೂರಲು ಜಾಗವಿಲ್ಲ. ಅಂಚೆಗೆ ಹಾಕದೆ ನಿನ್ನ ಭಾವನ ಕೈಯಲ್ಲೇ ಜೈಲಿಗೆ ಕಳಿಸುತ್ತೇನೆ.

ಕಾಲೇಜಿನಲ್ಲಿ ಈ ವರ್ಷವೂ ಜೈಲು ಅಧಿಕಾರಿಗಳಾಗುವವರಿಗೆ ಪಾಠ. ನೀನು ಅಣಕಿಸುತ್ತಿದ್ದೆಯಲ್ಲ, ‘ಅಕ್ಕ ಮೊದ್ಲು ಹಿಡಿದ್ಲು, ಆಮೇಲೆ ಕೂಡಿಹಾಕಿದ್ಲು, ಈಗ ಅದನ್ನೇ ಪಾಠ ಮಾಡಿ ಸಂಬಳ ತಗೋತಾಳೆ’ ಅಂತ! ಠಾಣೆ, ಜೈಲು, ಕ್ಲಾಸು ಅಂತ ತಲೆ ಬೆಳ್ಳಗಾಯಿತು ಕಣೋ. ನೀನು ಕುಡಿದು ಲಾರಿ ಓಡಿಸಿ ಒಬ್ಬರ ಜೀವ ತೆಗೆದ ದಿನ ಆ ಪಾಠವೆಲ್ಲ ಯಾವ ಉಪಯೋಗಕ್ಕೂ ಬರಲಿಲ್ಲ.

ಅಮ್ಮನ ಹಟ ನಿನಗೆ ಗೊತ್ತಲ್ಲ. ‘ಅವನ ಮುಖ ನೋಡಲ್ಲ’ ಅಂದಳೆಂದರೆ ಮುಗಿಯಿತು. ಆದರೆ ಭಾನುವಾರ ಕಾಫಿ ಲೋಟ ಹಿಡಿದುಕೊಂಡು, ‘ಪೊಲೀಸಮ್ಮಾ, ಈ ಗುರುವಾರ ನನ್ನನ್ನೂ ಕರ್ಕೊಂಡ್ ಹೋಗೇ. ಹೆತ್ತ ಹೊಟ್ಟೆ, ಎಷ್ಟಂತ ಬಿಗಿ ಹಿಡ್ಕೊಳ್ಲಿ?’ ಅಂದುಬಿಟ್ಟಳು. ನಿನ್ನೆ ಕಿತ್ತ ಚಪ್ಪಲಿ ಹೊಲಿಸಿಕೊಂಡು ಬಂದಳು. ನಿನ್ನ ನೀಲಿ ಸ್ವೆಟರ್ ಒಗೆದು ಹಾಕಿದಳು. ನಿನ್ನ ಸಮಾಧಾನಕ್ಕೆ ಕಟ್ಟಿದ ಕತೆಯಲ್ಲ, ನನ್ನಾಣೆ.

ಆದರೆ ಗುರುವಾರ ಅವಳು ಬರುವುದಿಲ್ಲ. ಸಿಟ್ಟಿನಿಂದಲ್ಲ, ಅಷ್ಟು ನಂಬು. ಸ್ವೆಟರ್ ನಾನು ತರುತ್ತೇನೆ. ಊಟ ಬಿಡಬೇಡ.

ಇಂತಿ ನಿನ್ನ
ಅಕ್ಕ

ವಿ.ಸೂ.: ಕೈದಿಗಳಿಗೆ ಬಂದ ಪತ್ರ ಮೊದಲು ಓದುವ ಜೈಲು ಅಧಿಕಾರಿ ನಿನಗೆ, ನನ್ನ ಹಳೆಯ ವಿದ್ಯಾರ್ಥಿಗೆ, ಈ ಮಾತು. ಅಮ್ಮ ಇವತ್ತು ಬೆಳಿಗ್ಗೆ ಹೋಗಿಬಿಟ್ಟಳು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಕೈದಿ ಹೆಂಗಸಿಗೆ ‘ನಿಮ್ಮಮ್ಮ ಸತ್ತಳಂತೆ, ಮುಂದೆ ನಡಿ’ ಅಂದದ್ದನ್ನು ನಾನು ಜೈಲಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಕ್ಲಾಸಿನಲ್ಲೂ ಹೇಳಿದ್ದೆ, ನೆನಪಿದೆಯಾ? ಫೋನ್ ಮಾಡಿದರೆ ಇವನಿಗೂ ಯಾರೋ ಹಾಗೇ ಹೇಳಿಬಿಡುತ್ತಾರೆಂದೇ ಮಾಡಲಿಲ್ಲ. ಕುರ್ಚಿ ಹಾಕಿ ನನ್ನ ತಮ್ಮನನ್ನು ಕೂರಿಸು, ನೀನೂ ಕೂರು, ಆಮೇಲೆ ಹೇಳು. ಅಳುವಷ್ಟು ಅಳಲಿ, ಎದ್ದು ಹೋಗಬೇಡ. ಇಷ್ಟನ್ನು ಹರಿದುಕೊಂಡು ಉಳಿದ ಪತ್ರ ಅವನಿಗೆ ಕೊಡು. ಪಾಠ ಹೇಳಿಕೊಟ್ಟವಳು ನಾನೇ ಕಣಪ್ಪಾ, ಆದರೆ ಅವನೆದುರು ಆ ಕುರ್ಚಿಯಲ್ಲಿ ಕೂರುವ ಶಕ್ತಿ ನನಗಿಲ್ಲ.