ಪ್ಲೇಟಿನೊಳಗಿನ ಹೆಸರು

ಸುರೇಖಾನ ಅಪ್ಪಾರಿಗೆ, ಜುಗೂಳದಿಂದ ನಿಮ್ಮ ಮನಿಯಾಕಿ ಬರಿಯೂದು.

ನೀವು ಸಾಯೂತನಕಾ ಹುಡುಕಿದ ಹಾಡಿನ ಪ್ಲೇಟ ಸಿಕ್ಕೈತಿ. ಸಿಕ್ಕೈತಿ ಅಂದ್ರ ಕಣ್ಣಿಗೆ ಸಿಕ್ಕೈತಿ, ಕಿವಿಗೆ ಸಿಕ್ಕಿಲ್ಲ. ನಿಪ್ಪಾಣ್ಯಾಗ ಒಬ್ಬ ಸಾವಕಾರನ ಮನ್ಯಾಗ, ಕಾಜಿನ ಕಪಾಟದಾಗ, ಮೈತುಂಬ ಪ್ಲಾಸ್ಟಿಕ್ ಹೊಚಗೊಂಡು ಕುಂತೈತಿ. ನನ್ನ ಮದಿವಿ ಸೀರಿ ಸೈತ ನಾ ಅಷ್ಟು ಜ್ವಾಕಿ ಮಾಡಿಲ್ಲ. ಆ ಮನುಷ್ಯಾನ ಸುದ್ದಿ ಆಮ್ಯಾಲ ಹೇಳತೀನಿ, ಮೊದಲ ನನ್ನ ಸಿಟ್ಟು ಒಂದೀಟ ಇಳೀಲಿ.

ನೆನಪೈತೇನ್ರಿ, ನಮ್ಮ ಮದಿವಿ ಆದ ಹೊಸದಾಗಿ ಮಿರಜಕ್ಕ ಹೋಗಿದ್ದು? ಜುಗೂಳದ ಹೆಣ್ಣಮಕ್ಕಳ ಸೋಬಾನ ಹಾಡು ಪ್ಲೇಟ ಮಾಡತೀವಿ ಅಂತ ಕಂಪನಿಯವರು ಕರಿಸಿದ್ರು. ಎಲ್ಲಾರಕಿಂತ ಸಣ್ಣಾಕಿ ನಾ, ಹಿಂದ ನಿಂತು ದನಿ ಕೂಡಸಾಕ ಹೋದಾಕಿ. ಒಂದ ಹಾಡು ಮುಗದು ಇನ್ನೊಂದು ಸುರು ಆಗೂದರೊಳಗ, ಮುಂದ ಹಾಡೂ ಗಂಗಕ್ಕ ನನ್ನ ಕಡೆ ತಿರಗಿ, "ಹೊಸಾ ಸೊಸಿ, ಗಂಡನ ಹೆಸರ ಹೇಳಬೇ! ಒಡಪ ಹಾಕಿ ಹೇಳು" ಅಂದ್ಲು. ಬ್ಯಾರೆ ಹೊತ್ತಿನ್ಯಾಗ ಗಂಡನ ಹೆಸರ ಬಾಯಾಗ ತರಬಾರದು, ಒಡಪಿನ ಎರಡ ಸಾಲಿನ್ಯಾಗ ಕೂಡಿಸಿ ಹೇಳಿದ್ರ ನಡೀತೈತಿ, ಇದು ನಮ್ಮ ಮಂದಿ ರೀತಿ. ಮಶಿನ ನಡದೈತಿ ಅನ್ನೂದು ನನಗೇನ ಗೊತ್ತು? ಹೇಳೇ ಬಿಟ್ನಿ. ಹೇಳಿ ಗೊಳ್ಳಂತ ನಕ್ನಿ. ಎಲ್ಲಾರೂ ನಕ್ರು. ಕಂಪನಿ ಮನುಷ್ಯಾ, "ಇರ್ಲಿ ಬಿಡ್ರಿ, ಮದಿವಿ ಮನಿಯಂಗ ಕೇಳಸತೈತಿ" ಅಂತ ಹಂಗ ಬಿಟ್ಟಾ.

ಆಮ್ಯಾಲ ನೀವ ಮಾಡಿದ್ದೇನು? ಊರೂರ ಮದಿವಿಗೆ ಸ್ಪೀಕರ್ ಸೆಟ್ ಹಚ್ಚಾಂವಗ ಇಂಥಾದ್ದು ಸಿಕ್ರ ಬಿಡತಾನೇನು! ಸತ್ತಿ ಊರಿನ ಮದಿವ್ಯಾಗ ಅದ ಪ್ಲೇಟ, ಯಡೂರ ಕುಬಸದಾಗೂ ಅದ ಪ್ಲೇಟ. ಬೇವಿನ ಗಿಡಕ್ಕ ಹಾರ್ನ ಕಟ್ಟಿ, ಹೊಳಿ ಆಚೆ ದಂಡಿ ಮಂದಿಗೂ ನಿಮ್ಮ ಹೆಸರ ಕೇಳಿಸಿದ್ರಿ, ಅದೂ ನನ್ನ ಬಾಯಿಲೆ. ಅತ್ತಿಯವರು ಸೆರಗಿನ್ಯಾಗ ಮುಖಾ ಮುಚಗೊಂಡ್ರು. ನಾ ಬುತ್ತಿ ತಗೊಂಡು ಹೊಲಕ್ಕ ಹೋದ್ರ ಕಬ್ಬ ಕಡಿಯಾವರು ನನ್ನ ಒಡಪ ನನಗ ಹೇಳತಿದ್ರು. "ಈ ಪ್ಲೇಟ ಒಲಿಗೆ ಹಾಕತೀನಿ ನೋಡ್ರಿ" ಅಂತ ಬೈದ್ರ, ನೀವು ಮೀಸ್ಯಾಗ ನಗಕೋತ, "ಹಾಕು. ಆದ್ರ ಮೊದಲ ಇನ್ನೊಮ್ಮೆ ಹೆಸರ ಹೇಳು" ಅಂದಿದ್ರಿ. ಹೇಳತಿದ್ನೇನ ನಾ? ಅವತ್ತಿಂದ ಯಾರ ಕೇಳಿದ್ರೂ ಒಡಪ ಹೇಳಲಿಲ್ಲ.

ಹೊಳಿಗೆ ಮಹಾಪೂರ ಬಂದ ವರ್ಷ ನೆನಸಿಕೊಂಡ್ರ ಇನ್ನೂ ನಿಮ್ಮ ಬುದ್ಧಿಗೆ ಏನ ಅನಬೇಕೋ ತಿಳೀವಲ್ದು. ಪ್ಲೇಟಿನ ಟ್ರಂಕ ನೀರಾಗ ಮುಳಗಿತ್ತು, ಖರೆ. ನೀರ ಇಳದ ಮ್ಯಾಲ ಪ್ಲೇಟ ತೊಳಕೊಂಡಿದ್ರ ನೆಟ್ಟಗ ಇರತಿದ್ವು. ನೀವು ಶ್ಯಾಣ್ಯಾರಂಗ ಅವನ್ನ ಮಾಳಗಿ ಮ್ಯಾಲ ಬಿಸಲಿಗೆ ಒಣಗಾಕ ಇಟ್ರಿ, ಶಂಡಗಿ ಇಟ್ಟಂಗ! ಸಂಜಿಮುಂದ ಹೋಗಿ ನೋಡಿದ್ರ ಒಂದೊಂದೂ ಕರದ ಹಪ್ಪಳದಂಗ ಸೊಟ್ಟ. ನಮ್ಮ ಪ್ಲೇಟ ಹಿಡಕೊಂಡು ನೀವು ಮಾಳಗಿ ಮ್ಯಾಲ ಕುಂತಬಿಟ್ರಿ. ಉಣ್ಣಾಕ ಕರದ್ರ ಇಳದ ಬರಲಿಲ್ಲ.

ಅಲ್ಲಿಂದ ಸುರು ಆತು ನಿಮ್ಮ ಹುಚ್ಚು. ಚಿಕ್ಕೋಡಿ ಮೋಡಕಾ ಅಂಗಡ್ಯಾಗಿನ ಹಳೇ ಕಬ್ಬಿಣದ ರಾಶಿ ಬಿಡಲಿಲ್ಲ, ಕೊಲ್ಲಾಪುರದ ಹಳೇ ಬಜಾರ ಬಿಡಲಿಲ್ಲ. ಅಲ್ಲೆ ನಿಮಗ ಗಂಟ ಬಿದ್ದ ಮಂದಿ ಎಂಥಾವ್ರು, ಅಬಬಬಾ! ಒಬ್ಬಾಂವ ಪ್ಲೇಟ ಮೂಸಿ ನೋಡಾಂವ. ಇನ್ನೊಬ್ಬಾಂವ ಭೂತಗನ್ನಡಿ ಹಿಡದು ನಡುವಿನ ನಂಬರ ಓದಾಂವ. "ಫಸ್ಟ್ ಪ್ರೆಸಿಂಗ್", ಮೊದಲನೇ ಸಲ ಅಚ್ಚ ಹಾಕಿದ್ದು, ಅಂದ್ರ ಕಣ್ಣಿಗೆ ಒತ್ತಿಕೊಳ್ಳಾವ್ರು, ಅದಲ್ಲಂದ್ರ ಕಸದಂಗ ಒಗಿಯಾವ್ರು. ಅದರಾಗ ಯಾರ ಹಾಡ್ಯಾರ, ಏನ ಹಾಡ್ಯಾರ ಅಂತ ಕೇಳಿದ್ರ ಮತ್ತ ನಂಬರಿನ ಮಾತ ತಗಿಯಾವ್ರು. ನಮ್ಮ ಮನಿಗೇ ಬಂದು ನನ್ನ ಕೈಲೆ ಚಾ ಕುಡದು, "ಬಾಯಾರ, ಕವರ ಏನರ ಉಳದಾವೇನ್ರಿ?" ಅಂದ್ರಲ್ಲ ಅವ್ರು. ಮಹಾಪೂರದಾಗ ನಿಮ್ಮ ಎಮ್ಮಿ ಉಳೀತೇನ್ರಿ, ಮನಿ ಉಳೀತೇನ್ರಿ ಅಂತ ಒಬ್ಬಾಂವರ ಕೇಳಿದ್ನೇನು?

ಆಮ್ಯಾಲ ಅಥಣಿಯಿಂದ ಅಳಿಯಾರು, ನಮ್ಮ ಸುರೇಖಾನ ಗಂಡ, ಹೊಸಾ ಪ್ಲೇಟ ತಂದ್ರು. "ಮಾಮಾ, ಮುಗೀತ್ರಿ ನಿಮ್ಮ ಹುಡುಕ್ಯಾಟ. ಅದ ಪ್ಲೇಟ ಮತ್ತ ಬಂದೈತಿ, ರಿಮಾಸ್ಟರ್ ಮಾಡ್ಯಾರ. ಒಂದ ಕರಕರ ಸಪ್ಪಳ ಇದ್ರ ಹೇಳ್ರಿ" ಅಂದ್ರು. ಕವರ ಮ್ಯಾಲ ಯಾವಾಕಿದೋ ಫೋಟೋ. ಮೂಗಿನ್ಯಾಗ ಬಳಿಯಷ್ಟ ದೊಡ್ಡ ನತ್ತು, ಜುಗೂಳದ ನೀರ ಕುಡದಾಕಿ ಅಲ್ವೇ ಅಲ್ಲ ಬಿಡ್ರಿ. ಪ್ಲೇಟಿಗೆ ಅರಿಷಿಣ ಬಣ್ಣಾ ಬ್ಯಾರೆ! ನೀವು ಅದನ್ನ ಮಶಿನ ಮ್ಯಾಲ ಇಟ್ಟು ಹಚ್ಚಿದ್ರಿ. ಗಂಗಕ್ಕನ ದನಿ ಬಂತು, ಆದ್ರ ಆಕಿ ಎದಿ ಬಿಚ್ಚಿ ಹಾಡಿದ್ದು ಎಲ್ಲಿ ಹೋತೋ ಏನೋ… ಹಾಡು ಮುಗೀತು. ನೀವು ಕಿವಿ ಮುಂದ ಮಾಡಿದ್ರಿ. ನಾ ಒಳಗ ರೊಟ್ಟಿ ಬಡಿಯೂದು ನಿಲ್ಲಿಸಿದ್ನಿ. ಸೀದಾ ಮುಂದಿನ ಹಾಡು ಸುರು ಆತು! ಒಡಪ ಇಲ್ಲ, ನಗಿ ಇಲ್ಲ. ಕತ್ತರಿಸಿ ಒಗದಿದ್ರು. ಅವರ ಲೆಕ್ಕದಾಗ ಅದೇನ ಹಾಡಲ್ಲ, ನಡುವಿನ ಗದ್ಲ. ಅವರ ಕೈ ಸೇದಿ ಹೋಗ್ಲಿ! ನೀವು ಮೆತ್ತಗ ಸೂಜಿ ಎತ್ತಿ, "ಭಾಳ ಸ್ವಚ್ಛ ಐತ್ರಿ ಅಳಿಯಾರ. ಬರ್ರಿ, ಚಾ ಕುಡಿಯೂಣು" ಅಂದ್ರಿ. ಅವರಿಗೆ ಏನೂ ತಿಳೀಲಿಲ್ಲ. ನನಗ ತಿಳೀತು. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಹೋಗಿತ್ತು.

ನೀವು ಹೋದ ಮ್ಯಾಲ ಒಂದ ದಿನ ಸುರೇಖಾ, "ಯವ್ವಾ, ನಿಪ್ಪಾಣ್ಯಾಗ ಒಬ್ರ ಕಡೆ ಹಳೇದು ಐತಂತ" ಅಂದ್ಲು. ಹೋದ್ವಿ. ತಂಬಾಕ ಸಾವಕಾರ. ಕೈಗೆ ಬಿಳೇ ಕೈಗವಸು ಹಾಕ್ಕೊಂಡು, ಬಾಣಂತಿ ಕೋಣ್ಯಾಗಿಂದ ಕೂಸಿನ ತಂದಂಗ ತಂದಾ.

"ಒರಿಜಿನಲ್ ಐತ್ರಿ ಬಾಯಾರ. ಒಮ್ಮಿನೂ ಸೂಜಿ ತಾಕಿಲ್ಲ."

"ಹಂಗಾರ ಈಗ ಒಮ್ಮೆ ಹಚ್ಚರಿ" ಅಂದ್ನಿ.

"ಛೇ ಛೇ! ಹಚ್ಚಿದ್ರ ಕಿಮ್ಮತ್ತು ಹೋಗತೈತ್ರಿ. ಕೇಳಾಕ ನನ್ನ ಕಡೆ ಹೊಸಾದು ಐತಲ್ರಿ."

ಕೇಳಿದ್ರ್ಯಾ? ಇಡಾಕ ಹಳೇದಂತ, ಕೇಳಾಕ ಹೊಸಾದಂತ! ಇಂಥಾ ಶ್ಯಾಣ್ಯಾನ ಹಡದ ತಾಯಿಗೆ ಕೈ ಮುಗೀಬೇಕು. ಸುರೇಖಾಗ ತಡಕೊಳ್ಳಾಕ ಆಗಲಿಲ್ಲ. "ಕಾಕಾ, ಅದರಾಗ ನಮ್ಮವ್ವನ ದನಿ ಐತ್ರಿ. ನಮ್ಮಪ್ಪನ ಹೆಸರ ಹೇಳ್ಯಾಳ" ಅಂದ್ಲು. ಸಾವಕಾರನ ಮುಖಾ ಅರಳಿತು. ನಾ ಹುಚ್ಚಿ, ಹಚ್ಚತಾನ ಅಂದಕೊಂಡ್ನಿ. ಆಂವ ಪೆನ್ನ ತಗೊಂಡ ಬಂದಾ! "ಬಾಯಾರ, ಕವರ ಮ್ಯಾಲ ಒಂದ ಸಹಿ ಮಾಡ್ರಿ, ಕಿಮ್ಮತ್ತು ಏರತೈತಿ" ಅಂತ. ಸಹಿ ಸಲುವಾಗಿ ಪ್ಲಾಸ್ಟಿಕ್ ಬಿಚ್ಚಿದಾ, ನನ್ನ ಕಿವಿ ಸಲುವಾಗಿ ಬಿಚ್ಚಲಿಲ್ಲ. "ಹಚ್ಚರಿ, ಮಾಡತೀನಿ" ಅಂದ್ರ ಪೆನ್ನ ಹೊಳ್ಳಿ ಕಿಸೆದಾಗ ಹೋತು. "ಹೋಳಿಗಿನೂ ಕಪಾಟದಾಗ ಇಟ್ಟ ನೋಡತೀರೇನ್ರಿ ನಿಮ್ಮ ಮನ್ಯಾಗ?" ಅಂತ ಕೇಳಿ ಎದ್ದ ಬಂದ್ನಿ. ಬಸ್ಸಿನ್ಯಾಗ ಅಳು ಬಂತು. ಸಿಟ್ಟಿಗೆ ಬಂತು ಅಂತ ಸುರೇಖಾಗ ಹೇಳಿದ್ನಿ. ಸಿಟ್ಟಷ್ಟ ಅಲ್ರಿ… ನಿಮ್ಮ ಹೆಸರ ಹೇಳಿ ನಗೂ ಆ ಹುಡಿಗಿ ನನಗ ಒಮ್ಮೆ ಬೇಕಾಗಿದ್ಲು. ನೀವೂ ಆಕಿನ್ನ ಹುಡುಕತಿದ್ರಿ ಅಲ್ಲೇನು? ಬಗಲಾಗ ಕುಂತಾಕಿನ್ನ ಬಿಟ್ಟು ಕೊಲ್ಲಾಪುರದಾಗ!

ಈಗ ನಿಮಗ ಗೊತ್ತಿರಲಾರದ ಸುದ್ದಿ. ಸುರೇಖಾನ ಮಗಳು ಪೂಜಾನ ಮದಿವಿ ಆತು, ಅಥಣ್ಯಾಗ. ಉಣ್ಣಾಕ ಕುಂತಾಗ ಆಕಿಗೆ ಗಂಡನ ಹೆಸರ ಕೇಳಿದ್ರು. ದಿನಾ ಫೋನಿನ್ಯಾಗ ಹೆಸರ ಹಿಡದು ಕರಿಯಾಕಿ, ಅವತ್ತು ಮೊಬೈಲದಾಗ ನೋಡಕೋತ ಒಡಪ ಓದಿ ನಾಚಿಕೊಂಡ್ಲು. ನಾ ಮೂಗ ಮುರದಿದ್ದು ನೋಡಿ, "ಆಯಿ, ಹಂಗಾರ ನೀ ಹೇಳ ಒಂದು" ಅಂದ್ಲು. ಬೀಗರ ಕಡೆ ಒಬ್ಬಾಕಿ, "ಗಂಡ ಇಲ್ಲದಾಕಿ ಏನ ಒಡಪ ಹೇಳತಾಳ ಬೇ" ಅಂತ ಸೆರಗ ಬಾಯಿಗೆ ಹಿಡದ್ಲು. ಗಂಡ ಹೋದ್ರ ಹೆಸರೂ ಹೋಗತೈತೇನು? ಎಲಿ ಮುಂದಿಂದ ಎದ್ದ ನಿಂತು ಮಿರಜದಾಗ ಹೇಳಿದ್ದ ಅದ ಒಡಪ ಹೇಳಿದ್ನಿ. ದನಿ ಒಡದಿತ್ತು, ಗಂಟಲ ಕರಕರ ಅಂತು, ನಡುವ ಕೆಮ್ಮು ಬಂತು. ಹೇಳಿ ನಕ್ನಿ. ಎಲ್ಲಾರೂ ನಕ್ರು, ನಿಮ್ಮ ಅಳಿಯಾರು ಅಷ್ಟ ತಲಿ ಕೆಳಗ ಮಾಡಿ ಕಣ್ಣ ಒರಸಿಕೊಂಡ್ರು.

ಇನ್ನ ಹುಡುಕೂದು ಬಿಡ್ರಿ. ಸಾವಕಾರಗ ಅವನ ಪ್ಲಾಸ್ಟಿಕ್ ಇರ್ಲಿ, ಕಂಪನಿಯವರಿಗೆ ಅವರ ಅರಿಷಿಣ ತಾಟ ಇರ್ಲಿ. ಇನ್ನೊಮ್ಮೆ ಹೆಸರ ಹೇಳು ಅಂದಿದ್ರಿ ಅಲ್ಲೇನು? ದಿನಾ ಮುಂಜಾನೆ ಒಲಿ ಹಚ್ಚುವಾಗ ಹೇಳತೀನಿ. ಕಿವಿ ಈ ಕಡೆ ಮಾಡ್ರಿ:

ಒಲಿ ಮ್ಯಾಲ ಬೆಲ್ಲದ ಪಾಕ, ಒಳಗ ಯಾಲಕ್ಕಿ ನಾಕ,
ರಾಯಗೊಂಡರ ಸಿಟ್ಟಿಗೆ ನನ್ನ ನಗಿ ಒಂದ ಸಾಕ.