ಹಾಲು ಹಾಕಿದ ಪ್ಯಾನ್‌ಕೇಕ್

ಪುಣೆ,
ಶುಕ್ರವಾರ, ೨೧ ನವೆಂಬರ್ ೨೦೨೫

ನನ್ನ ಅವ್ವ,

ಧಾರವಾಡದಲ್ಲಿ ನೀನು ಕನ್ನಡಕ ಹುಡುಕಿ ಇದನ್ನು ಓದುವ ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೆ ಮೊದಲು ನಿನ್ನ ಕಾಲಿಗೆ ನಮಸ್ಕಾರ. ಹೇಳದೆ ಮಾಡಿದೆ ಎಂದು ಬೈಯುವುದಾದರೆ ಪೂರ್ತಿ ಓದಿದ ಮೇಲೆ ಬೈ.

ಪುಣೆಯ ಕ್ಯಾಂಪ್ ಎಂಬ ಭಾಗದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಮೊಮ್ಮಗಳು ಮುಕ್ತಾಗೆ ಏನೂ ಆಗಿಲ್ಲ. ಮಂಚದ ಮೇಲೆ ಕಾಲು ಅಲ್ಲಾಡಿಸುತ್ತ ನನ್ನ ಫೋನಿನಲ್ಲಿ ಕಾರ್ಟೂನ್ ನೋಡುತ್ತಿದ್ದಾಳೆ. ಅವಳ ಚಿತ್ರ ಬಿಡಿಸುವ ಪುಸ್ತಕದ ಹಾಳೆ ಹರಿದುಕೊಂಡಿದ್ದೇನೆ, ಹಿಂದೆ ಆನೆಯ ಚಿತ್ರ ಕಂಡರೆ ಗಾಬರಿಯಾಗಬೇಡ. ಫೋನಿನಲ್ಲಾದರೆ ನಿನಗೆ ಕೂಗಿ ಕೂಗಿ ಹೇಳಬೇಕು. ಇದು ಕೂಗಿ ಹೇಳುವ ಮಾತಲ್ಲ, ಮುಕ್ತಾ ಕೇಳಿಸಿಕೊಳ್ಳುವ ಮಾತಂತೂ ಅಲ್ಲ.

ಈಗಷ್ಟೇ ಅವಳು ಒಂದು ಚೂರು ಪ್ಯಾನ್‌ಕೇಕ್ ತಿಂದಳು. ಹಾಲು ಹಾಕಿದ್ದು. ಹೌದು ಅವ್ವ, ಹಾಲು. ನಾನೇ ಕೈಯಾರೆ ಹಾಕಿ ಮಾಡಿದ್ದು.

ಅವಳಿಗೆ ಮೂರು ವರ್ಷವಿದ್ದಾಗ ಆದದ್ದನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೆ. ಮೇಲಿನ ಮನೆಯವರು ಮಗ ಪಾಸಾದನೆಂದು ಪೇಢಾ ಕೊಟ್ಟರು, ಮೈಮೇಲೆ ಗಂಧೆ ಎದ್ದಿತು, ಡಾಕ್ಟರು ಇಂಜೆಕ್ಷನ್ ಕೊಟ್ಟರು ಎಂದೆ. ರಿಕ್ಷಾದಲ್ಲಿ ಆದದ್ದನ್ನು ಹೇಳಲಿಲ್ಲ. ತುಟಿ ಊದಿ, ಉಸಿರಿಗೆ ಸೀಟಿಯಂಥ ಸದ್ದು ಬಂದು, ಆಮೇಲೆ ಆ ಸದ್ದೂ ನಿಂತು, ನನ್ನ ತೊಡೆಯ ಮೇಲೆ ಅವಳ ಕುತ್ತಿಗೆ ಒಂದು ಬದಿಗೆ ವಾಲಿತು. ಆಸ್ಪತ್ರೆಯ ಬಾಗಿಲು ಇನ್ನೂ ದೂರವಿತ್ತು. ಆವತ್ತಿನಿಂದ ನಮ್ಮ ಮನೆಗೆ ಹಾಲು, ಮೊಸರು, ತುಪ್ಪ ಯಾವುದೂ ಬಂದಿಲ್ಲ. ನೀನು ಬಂದಾಗಲೂ ಕರಿ ಚಹಾ ಕುಡಿದುಕೊಂಡು ಇದ್ದೆ. ಅವಳು ಹೋದಲ್ಲೆಲ್ಲ ನನ್ನ ಚೀಲದಲ್ಲಿ ಆ ಇಂಜೆಕ್ಷನ್ ಹೋಗುತ್ತದೆ.

ಈ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರ್ ಸ್ವಪ್ನಿಲ್ ಅವರು, ಮಗು ಹಾಲಿನ ಅಲರ್ಜಿಯಿಂದ ಹೊರಗೆ ಬರುತ್ತಿರಬಹುದು, ಮೆಟ್ಟಿಲು ಮೆಟ್ಟಿಲಾಗಿ ನೋಡೋಣ ಎಂದರು. ಮೊದಲು ಹಾಲಿನ ಬಿಸ್ಕತ್ತು, ಆಮೇಲೆ ಕೇಕು. ಎರಡನ್ನೂ ಇದೇ ವಾರ್ಡಿನಲ್ಲಿ ಕೊಟ್ಟರು, ಏನೂ ಆಗಲಿಲ್ಲ. ನಿನಗೆ ತಿಳಿಸಲಿಲ್ಲ, ತಿಳಿಸಿದ್ದರೆ ನೀನು ಊಟ ಬಿಟ್ಟು ಕೂರುತ್ತಿದ್ದೆ. ಮೂರನೆಯ ಮೆಟ್ಟಿಲು ಪ್ಯಾನ್‌ಕೇಕ್. ಹಿಟ್ಟಿನಲ್ಲಿ ಕೂಡಿ ಚೆನ್ನಾಗಿ ಬೆಂದ ಹಾಲು ಅಷ್ಟು ಕಾಡುವುದಿಲ್ಲವಂತೆ. ಕೇಕು ಓವನ್ನಿನಲ್ಲಿ ಬಹಳ ಹೊತ್ತು ಬೇಯುತ್ತದೆ, ಪ್ಯಾನ್‌ಕೇಕ್ ಹಂಚಿನ ಮೇಲೆ ಇರುವುದೇ ಸ್ವಲ್ಪ ಹೊತ್ತು. ಮನೆಯಿಂದ ಮಾಡಿಕೊಂಡು ಬನ್ನಿ, ಆದರೆ ನಡುವೆ ಹಸಿ ಉಳಿಯಬಾರದು ಎಂದರು.

ತೆಳ್ಳಗೆ ದ್ವಾಸಿಯಂತೆ ಹೊಯ್ದುಬಿಟ್ಟಿದ್ದರೆ ಸುಲಭವಾಗಿ ಬೇಯುತ್ತಿತ್ತು. ಆದರೆ ಮುಕ್ತಾಗೆ ಬೇಕಾದದ್ದು ಅದಲ್ಲ. ಹೋದ ತಿಂಗಳು ಅವಳ ಗೆಳತಿಯ ಹುಟ್ಟುಹಬ್ಬಕ್ಕೆ ಒಂದು ಹೋಟೆಲಿಗೆ ಹೋಗಿದ್ದೆವು. ಎಲ್ಲ ಮಕ್ಕಳ ಮುಂದೆ ಒಂದರ ಮೇಲೊಂದು ಪೇರಿಸಿದ, ದಿಂಬಿನಂತೆ ಉಬ್ಬಿದ ಪ್ಯಾನ್‌ಕೇಕ್ ಬಂತು. ಇವಳು ತನ್ನ ಡಬ್ಬಿಯ ಚಪಾತಿ ಬಿಚ್ಚಿದಳು. ಪಕ್ಕದವಳ ತಟ್ಟೆಯದನ್ನು ಒಂದೇ ಬೆರಳಿನಿಂದ ಒತ್ತಿ ನೋಡಿದಳು. ನಾನು ಅವಳನ್ನು ಎಳೆದುಕೊಂಡು ಹೋಗಿ ಸಾಬೂನು ಹಚ್ಚಿ ಕೈ ತೊಳೆಸಿದೆ. ತೊಳೆಸುವಾಗ ಅವಳು, "ಅಮ್ಮ, ಒತ್ತಿದ್ರ ಹೊಳ್ಳಿ ಮ್ಯಾಲೆ ಬಂತು, ನೋಡಿದೇನು?" ಎಂದಳು. ಅಷ್ಟೇ ಕೇಳಿದ್ದು. ತಿನ್ನಬೇಕು ಎಂದು ಕೇಳಲೇ ಇಲ್ಲ.

ನಿನ್ನ ಅಳಿಯ ಬಿಂದುಮಾಧವ ಅವರಿಗೆ ಇದು ಒಪ್ಪಿಗೆಯಿರಲಿಲ್ಲ. "ಬ್ಯಾಡ ಅನುಜಾ. ಒಂಬತ್ತು ವರ್ಷದಕಿ ಆಗ್ಯಾಳ, ಹಾಲಿಲ್ದನ ಬೆಳದಾಳ. ಇನ್ನೂ ಹಂಗ ಬೆಳೀತಾಳ. ನಾವಾಗೇ ಹೋಗಿ ಯಾಕ ಕೆಣಕೂದು?" ಎಂದರು. ನಾನು, "ನಾಳೆ ಸಾಲ್ಯಾಗ ಟ್ರಿಪ್ಪಿಗೆ ಹೋಗ್ತಾಳ. ಯಾರರೆ ಒಂದು ಚಮಚೆ ಪಾಯಸ ಕೊಟ್ರ? ನಾ ಎಲ್ಲೆಲ್ಲಿ ಇರ್ಲಿ?" ಎಂದೆ. ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ಅವರ ಅಂಜಿಕೆಯೂ ನನ್ನ ಅಂಜಿಕೆಯೂ ಒಂದೇ, ಮುಖ ಮಾತ್ರ ಬೇರೆ ಬೇರೆ ಕಡೆಗೆ.

ಅವಳು ಶಾಲೆಗೆ ಹೋದಾಗ ಅಭ್ಯಾಸ ಮಾಡಿದೆ. ಹಾಲಿನ ಪಾಕೀಟು ಕತ್ತರಿಸುವಾಗ ಒಂದು ಹನಿ ಕಟ್ಟೆಯ ಮೇಲೆ ಬಿತ್ತು. ಒರೆಸಿದ ಬಟ್ಟೆಯನ್ನೇ ಹೊರಗೆ ಎಸೆದು ಬಂದೆ. ಮೊದಲನೆಯದು ಚಪ್ಪಟೆ, ರಬ್ಬರಿನಂತೆ ಎಳೆದರೂ ಹರಿಯದು. ಒಂದೂ ಗಂಟಿಲ್ಲದ ಹಾಗೆ ಹಿಟ್ಟು ತಿರುವಿಟ್ಟಿದ್ದೆ, ಮೈದಾ ಅಷ್ಟು ತಿರುವಿದರೆ ಬಿಗಿಯುತ್ತದೆ. ಮರುದಿನದ್ದು ಚೆಂದಾಗಿ ಉಬ್ಬಿ ಕೆಂಪಗಾಯಿತು. ಸಂತೋಷದಿಂದ ಮುರಿದರೆ ನಡುವಿನ ಹಸಿ ಹಿಟ್ಟು ಬೆರಳಿಗೆ ಅಂಟಿತು. ಗ್ಯಾಸ್ ಆರಿಸಿ ನೆಲದ ಮೇಲೆ ಕೂತುಬಿಟ್ಟೆ. ಮೇಲೆ ಇಷ್ಟು ಚೆಂದ ಕಾಣುವುದರ ಹೊಟ್ಟೆಯಲ್ಲಿ ಇದಿದ್ದರೆ, ಇದೇ ಅವಳ ಬಾಯಿಗೆ ಹೋದರೆ?

ಆದರೂ ಮಾಡುತ್ತ ಮಾಡುತ್ತ ಕೈಗೆ ತಿಳಿಯಿತು. ಹಾಲಿಗೆ ನಾಲ್ಕು ಹನಿ ಲಿಂಬೆರಸ ಹಿಂಡಿ, ಅದು ಸ್ವಲ್ಪ ಒಡೆಯುವವರೆಗೆ ಬಿಡಬೇಕು. ಬೇಕಿಂಗ್ ಪೌಡರ್ ಹೊಸದಾಗಿ ಒಡೆದದ್ದೇ ಆಗಬೇಕು. ಹಿಟ್ಟು ನೆನೆದರೆ ಸಾಕು, ಸಣ್ಣ ಗಂಟು ಉಳಿದರೆ ಉಳಿಯಲಿ. ಸ್ವಲ್ಪ ಹೊತ್ತು ಮುಚ್ಚಿಟ್ಟು, ಆಮೇಲೆ ತಿರುವದೆ ಹಾಗೇ ಸೌಟಿನಿಂದ ತೆಗೆದು ಹೊಯ್ಯಬೇಕು. ಹೊಯ್ದ ಕೂಡಲೇ ನನ್ನ ಕೈ ದ್ವಾಸಿಯಂತೆ ಸುತ್ತಲು ಹೋಗುತ್ತದೆ, ಮಗುಚಿದ ಕೂಡಲೇ ಚಪಾತಿಯಂತೆ ಒತ್ತಲು ಹೋಗುತ್ತದೆ. ಒತ್ತಿದರೆ ಮುಗಿಯಿತು, ಒಳಗಿನ ಗಾಳಿಯೆಲ್ಲ ಹೋಗಿ ಕೂತುಬಿಡುತ್ತದೆ. ಉರಿ ಸಣ್ಣದಿರಬೇಕು, ಮೇಲೆ ಮುಚ್ಚಳ. ಮೇಲಿನ ಗುಳ್ಳೆ ಒಡೆದು ತೂತು ಹಾಗೇ ಉಳಿದಾಗ ಒಂದೇ ಸಲ ಮಗುಚಬೇಕು. ಕಡೆಗೆ ಹೊಳೆದದ್ದು ಇನ್ನೂ ಸುಲಭದ್ದು: ಪೂರಿಯಷ್ಟೇ ಅಗಲ ಹೊಯ್ದರೆ ದಪ್ಪವೂ ಆಗುತ್ತದೆ, ನಡುವೆಯೂ ಬೇಯುತ್ತದೆ.

ಮಾಡಿದ್ದನ್ನೆಲ್ಲ ನಾನೇ ನಿಂತು ತಿಂದು, ಹಲ್ಲುಜ್ಜಿ, ಬಟ್ಟೆ ಬದಲಿಸಿ ಅವಳನ್ನು ಶಾಲೆಯಿಂದ ಕರೆತರಲು ಹೋಗುತ್ತಿದ್ದೆ. ಅಷ್ಟೆಲ್ಲ ಮಾಡಿದರೂ ಆ ವಾರ ಅವಳಿಗೆ ಒಂದೂ ಮುತ್ತು ಕೊಡಲಿಲ್ಲ.

ಡಾಕ್ಟರು ಬಂದರು. ನಿಲ್ಲಿಸುತ್ತೇನೆ.

ಮತ್ತೆ ಕೂತೆ. ಎರಡನೆಯ ತುಣುಕು ಆಯಿತು, ಮೂರನೆಯದೂ ಆಯಿತು. ಪ್ರತಿ ಸಲ ಮೊದಲಿನದಕ್ಕಿಂತ ದೊಡ್ಡದು. ಅವಳ ಎಡಗೈಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದ್ದಾರೆ, ಬೆರಳಿಗೆ ಕೆಂಪು ದೀಪದ ಕ್ಲಿಪ್ಪು. ಮಂಚದ ಪಕ್ಕದ ಟ್ರೇಯಲ್ಲಿ ಇಂಜೆಕ್ಷನ್ ತುಂಬಿಸಿಯೇ ಇಟ್ಟಿದ್ದಾರೆ. ಅದು ಇದೆಯೆಂದು ಧೈರ್ಯವಾಗಬೇಕು, ನಾನು ಮಾತ್ರ ಅದು ಕಾಣದ ಹಾಗೆ ಕುರ್ಚಿ ತಿರುಗಿಸಿ ಕೂತಿದ್ದೇನೆ. ಬಿಜಾಪುರ ಕಡೆಯ ನರ್ಸ್ ಒಬ್ಬರಿದ್ದಾರೆ, ಮಾನಮ್ಮ ಎಂದು ಹೆಸರು. ನಾವು ಕನ್ನಡ ಮಾತಾಡುವುದನ್ನು ಕೇಳಿ, "ಅಂಜಬ್ಯಾಡ್ರಿ ಅಕ್ಕಾರ, ನಾ ಇಲ್ಲೇ ಅದೀನಿ" ಎಂದರು. ನಿನ್ನ ಅಳಿಯ ಮಾತ್ರ ಒಳಗೆ ಬರಲೇ ಇಲ್ಲ. ಬೆಳಿಗ್ಗೆ ನಮ್ಮ ರಿಕ್ಷಾದ ಹಿಂದೆ ಸ್ಕೂಟರಿನಲ್ಲಿ ಬಂದವರು ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಬಾಗಿಲಿನ ಗಾಜಿನಲ್ಲಿ ಅವರ ಚಪ್ಪಲಿ ಮಾತ್ರ ಕಾಣುತ್ತದೆ.

ಈಗ ಕೊನೆಯದು, ಉಳಿದದ್ದೆಲ್ಲ ಒಂದೇ ಸಲ. ಅವಳು ಬೆರಳಿನಿಂದ ಒತ್ತಿ ನೋಡಿದಳು. ಅದು ಮೆಲ್ಲಗೆ ಮೇಲೆ ಬಂತು. ನನ್ನ ಕಡೆ ನೋಡಿ ನಕ್ಕು ಬಾಯಿಗೆ ಹಾಕಿಕೊಂಡಳು.

ಅವ್ವ, ಈಗ ಸಂಜೆ, ಮನೆಗೆ ಬಂದಿದ್ದೇವೆ. ನಡುವೆ ಬರೆಯಲು ಆಗಲಿಲ್ಲ. ಕೊನೆಯ ತುತ್ತು ಒಳಗಿರುವಾಗಲೇ ಅವಳು ಕೆಮ್ಮಿದಳು. ಒಂದು ಸಲ, ಮತ್ತೊಂದು ಸಲ, ಆಮೇಲೆ ಒಂದರ ಹಿಂದೊಂದು. ಮುಖ ಕೆಂಪಾಯಿತು. ಮಾನಮ್ಮ ಓಡಿ ಬಂದು ಅವಳನ್ನು ನೆಟ್ಟಗೆ ಕೂರಿಸಿದರು. ಡಾಕ್ಟರು ಸ್ಟೆತಸ್ಕೋಪ್ ಬೆನ್ನಿಗಿಟ್ಟು "ಶ್ವಾಸ ಘೇ ಬಾಳಾ" ಎನ್ನುತ್ತ ಉಸಿರು ಎಳೆಯಲು ಹೇಳುತ್ತಿದ್ದರು. ಬಾಗಿಲು ದೂಡಿಕೊಂಡು ಇವರು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ನನ್ನ ಕಿವಿಗೆ ಮತ್ತೆ ಆ ಸೀಟಿ ಕೇಳಿಸುತ್ತಿತ್ತು. ನಿಜವಾಗಿ ಕೇಳುತ್ತಿತ್ತೋ, ನನ್ನ ತಲೆಯಲ್ಲೇ ಇತ್ತೋ. ನಾನು "ಇಂಜೆಕ್ಷನ್, ಇಂಜೆಕ್ಷನ್" ಎಂದು ಕನ್ನಡ ಮರಾಠಿ ಎರಡರಲ್ಲೂ ಕೂಗಿದೆನಂತೆ. ನನಗೆ ನೆನಪಿಲ್ಲ.

ಡಾಕ್ಟರು ಕೈಯೆತ್ತಿ ಸುಮ್ಮನಿರಲು ಸನ್ನೆ ಮಾಡಿದರು. ಎದೆ, ಬೆನ್ನು, ಗಂಟಲು, ಎಲ್ಲ ನೋಡಿದರು. ಮುಕ್ತಾ ನೀರು ಕುಡಿದು, ಕಣ್ಣೊರೆಸಿಕೊಂಡು ಸಿಟ್ಟಿನಿಂದ, "ಕಾರ್ಟೂನಿನ್ಯಾಗ ಬೆಕ್ಕು ನೀರಾಗ ಬಿತ್ತು, ನಗು ಬಂತು, ನೆತ್ತಿಗೆ ಹತ್ತಿತು. ಅದಕ್ಯಾಕ ಎಲ್ಲಾರೂ ಹಿಂಗ ಮಾಡ್ತೀರಿ?" ಎಂದಳು. ಮಾನಮ್ಮ ನಕ್ಕರು. ಇವರು ನಗಲು ಹೋಗಿ ಗೋಡೆ ಹಿಡಿದುಕೊಂಡು ನಿಂತರು. ನಾನು ಅವಳ ಅಂಗಿಯ ಚುಂಗು ಹಿಡಿದಿದ್ದೆ, ಬೆರಳು ಬಿಡಿಸಲು ಬರಲಿಲ್ಲ. ಇವರೇ ಒಂದೊಂದಾಗಿ ಬಿಡಿಸಿದರು.

ಆಮೇಲೆ ಮಧ್ಯಾಹ್ನ ಪೂರ್ತಿ ಅಲ್ಲೇ ಇಟ್ಟುಕೊಂಡು ನೋಡಿದರು. ಗಂಧೆಯಿಲ್ಲ, ಊತವಿಲ್ಲ, ಉಸಿರು ಸರಿಯಾಗಿದೆ. ಪಾಸು ಎಂದರು ಡಾಕ್ಟರು. ನಾಳೆಯಿಂದ ದಿನಾ ಮನೆಯಲ್ಲಿ ಒಂದು ಪ್ಯಾನ್‌ಕೇಕ್ ಕೊಡಬೇಕಂತೆ. ಎಲ್ಲರೂ ಖುಷಿಯಾಗಿದ್ದಾರೆ. ನಾನೂ ಆಗಿದ್ದೇನೆ ಎಂದುಕೊಂಡು ಕೂತಿದ್ದೇನೆ. ಆದರೆ ನಾಳೆ ನಮ್ಮ ಅಡುಗೆಮನೆಯಲ್ಲಿ ಆ ಡಾಕ್ಟರಿಲ್ಲ, ಮಾನಮ್ಮ ಇಲ್ಲ, ತುಂಬಿಸಿಟ್ಟ ಟ್ರೇ ಇಲ್ಲ, ಇರುವುದು ನನ್ನ ಚೀಲದ ಆ ಇಂಜೆಕ್ಷನ್ ಒಂದೇ. ಹಂಚಿನ ಮುಂದೆ ನಾನು, ಮೇಜಿನ ಮುಂದೆ ಅವಳು. ಒಂದೇ ಒಂದು ದಿನ ಉರಿ ಹೆಚ್ಚಾಗಿ ನಡುವೆ ಹಸಿ ಉಳಿದರೆ? ಇದನ್ನು ಇವರಿಗೆ ಹೇಳಲಿಲ್ಲ. ಹೇಳಿದರೆ ಬೇಡವೇ ಬೇಡ ಎನ್ನುತ್ತಾರೆ. ನಿನಗೆ ಹೇಳಿ ಸ್ವಲ್ಪ ಹಗುರಾದೆ.

ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಅಂಜುಬುರುಕಿ ಮಗಳು,
ಅನುಜಾ

ತಾ.ಕ.: ಶನಿವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆಯಬೇಕು. ಹಿಟ್ಟು ಕಲಸಿ ಹಂಚು ಇಟ್ಟಿದ್ದೆ. ಮುಕ್ತಾ ಕಟ್ಟೆಯ ಹತ್ತಿರ ಬಂದು, "ಅಮ್ಮ, ಇವತ್ತೂ ನಾಲಿಗಿ ಕಡೀತದೇನು?" ಎಂದಳು. ನಿನ್ನೆ ಎರಡನೆಯ ತುಣುಕಿನಿಂದಲೇ ಅವಳ ನಾಲಿಗೆ ತುರಿಸಿದಂತೆ ಕಡಿಯುತ್ತಿತ್ತಂತೆ. ಡಾಕ್ಟರು ಪ್ರತಿ ಸಲ ಕೇಳಿದರೂ ಇಲ್ಲ ಎಂದಿದ್ದಳು. ಯಾಕೆ ಎಂದರೆ, "ನಿನ್ನ ಮಾರಿ ನೋಡಿದೆ. ನೀ ಭಾಳ ಅಂಜಿದ್ದಿ" ಎಂದಳು. ಗ್ಯಾಸ್ ಆರಿಸಿದೆ. ಡಾಕ್ಟರಿಗೆ ಫೋನ್ ಮಾಡಿದೆ. ಹೇಳಿದ್ದು ಒಳ್ಳೆಯದಾಯಿತು, ಇವತ್ತು ಕೊಡಬೇಡಿ, ಸೋಮವಾರ ಕರೆತನ್ನಿ, ಕಡಿಮೆಯಿಂದ ಮತ್ತೆ ಶುರು ಮಾಡೋಣ ಎಂದರು. ನಿನ್ನ ಅಳಿಯನಿಗೂ ಎಲ್ಲ ಹೇಳಿದೆ, ನನ್ನ ಅಂಜಿಕೆಯನ್ನೂ ಸೇರಿಸಿ. ಸೋಮವಾರ ವಾರ್ಡಿನ ಒಳಗೆ ನಾನೂ ಕೂರುತ್ತೇನೆ ಎಂದಿದ್ದಾರೆ. ಆಮೇಲೆ ಮುಕ್ತಾಳನ್ನು ಕಟ್ಟೆಯ ಮೇಲೆ ಕೂರಿಸಿ, "ನಾ ಅಂಜಿದ್ರ ಅಂಜ್ತೀನಿ, ಅದು ನನ್ನ ಪಾಡು. ನಿನಗ ಏನರೆ ಆದ್ರ ನೀ ಹೇಳಲೇಬೇಕು, ನನ್ನ ಮಾರಿ ನೋಡಬ್ಯಾಡ" ಎಂದೆ. ಅವಳು, "ಹಂಗಾರ ಇನ್ನೊಂದು ಹೇಳ್ಲೇನು?" ಎಂದಳು. ಹೇಳು ಎಂದೆ. ಅವಳು ನನ್ನ ಕಿವಿಯ ಹತ್ತಿರ ಬಂದು, "ಪ್ಯಾನ್‌ಕೇಕಿನ ರುಚಿ ನನಗ ಸೇರಲೇ ಇಲ್ಲ" ಎಂದಳು.